ನಾಲೆಯ ನೀರು, ಕಬ್ಬಿನ ಗದ್ದೆ, ಕನ್ನಡದ ದನಿ: ಅಪರಾಧಶಾಸ್ತ್ರ ವಿಭಾಗಗಳ ಸಾಧನೆ ಕುರಿತು ಬಹಿರಂಗ ಪತ್ರ

ಗೆ,
ಮಾನ್ಯ ಉನ್ನತ ಶಿಕ್ಷಣ ಸಚಿವರು ಮತ್ತು ಮಾನ್ಯ ಗೃಹ ಸಚಿವರು, ಕರ್ನಾಟಕ ಸರ್ಕಾರ
ಮೈಸೂರು ಮತ್ತು ಮಂಡ್ಯದ ವಿಶ್ವವಿದ್ಯಾನಿಲಯಗಳ ಕುಲಪತಿಗಳು

ಮಾನ್ಯರೇ,

ವರ್ಷ ಮುಗಿಯುವ ಹೊತ್ತಿಗೆ ವಿಶ್ವವಿದ್ಯಾನಿಲಯಗಳ ಎಲ್ಲ ವಿಭಾಗಗಳೂ ಸಾಧನೆಯ ಪಟ್ಟಿ ಸಿದ್ಧಮಾಡುತ್ತವೆ. ಅಪರಾಧಶಾಸ್ತ್ರ ವಿಭಾಗಗಳ ಪಟ್ಟಿಯೂ ಅದೇ ಅಚ್ಚಿನದು: ಪ್ರಕಟವಾದ ಪ್ರಬಂಧಗಳೆಷ್ಟು, ಪಿಎಚ್.ಡಿ. ಪಡೆದವರೆಷ್ಟು, ನಡೆದ ವಿಚಾರಸಂಕಿರಣಗಳೆಷ್ಟು, ಅಧ್ಯಾಪಕರಾಗಲು ಬೇಕಾದ ನೆಟ್–ಕೆಸೆಟ್ ಅರ್ಹತಾ ಪರೀಕ್ಷೆ ಪಾಸಾದವರೆಷ್ಟು. ಅದರ ಹಿಂದಿನ ದುಡಿಮೆ ನಮಗೆ ಗೊತ್ತು. ಅದನ್ನು ಹಗುರ ಮಾಡುವ ಉದ್ದೇಶ ಈ ಪತ್ರಕ್ಕಿಲ್ಲ. ಆ ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿ ಎಂಬುದಷ್ಟೇ ನಮ್ಮ ಬೇಡಿಕೆ. ಈ ವರ್ಷ ವಿಭಾಗ ಮಾಡಿದ ಕೆಲಸದಲ್ಲಿ ಠಾಣೆಯ ತನಿಖಾಧಿಕಾರಿಗೆ ದಕ್ಕಿದ್ದೇನು, ಶವಾಗಾರದ ವೈದ್ಯರಿಗೆ ಒದಗಿದ್ದೇನು, ನ್ಯಾಯಾಲಯದಲ್ಲಿ ಪಾಟಿಸವಾಲಿನ ಎದುರು ನಿಲ್ಲುವಂಥದ್ದೇನು?

ಕಾನೂನು ಬದಲಾಗಿರುವುದರಿಂದ ಈ ಕಾಲಂ ಈಗ ತುರ್ತಿನದು. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿಯ ಜಾಗದಲ್ಲಿ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ ಪ್ರಕಾರ, 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು, ಅದರ ವಿಡಿಯೊ ಆಗಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ 5 ವರ್ಷದ ಗಡುವಿದೆ. 105ನೇ ಕಲಂ ಶೋಧ ಮತ್ತು ಜಪ್ತಿಯನ್ನು ಆಡಿಯೊ–ವಿಡಿಯೊದಲ್ಲಿ ದಾಖಲಿಸಲು ಹೇಳುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಎಲೆಕ್ಟ್ರಾನಿಕ್ ದಾಖಲೆಗೆ ಎರಡು ಭಾಗದ ಪ್ರಮಾಣಪತ್ರ ಕೇಳುತ್ತದೆ. ಒಂದನ್ನು ದಾಖಲೆ ಹಾಜರುಪಡಿಸುವವರೂ ಇನ್ನೊಂದನ್ನು ತಜ್ಞರೂ ಕೊಡಬೇಕು, ಅದರಲ್ಲಿ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲವೆಂದು ತೋರಿಸುವ ಅಂಕಿಯ ಗುರುತು) ನಮೂದಾಗಬೇಕು. ಒಟ್ಟಿನಲ್ಲಿ ಪ್ರಯೋಗಾಲಯದ ಬಾಗಿಲಿಗೆ ಬರುವ ಮಾಲು ಹಿಂದೆಂದಿಗಿಂತ ಹೆಚ್ಚಲಿದೆ.

ಮಾಲು ಬಂದರೆ ಸಾಲದು. ತಾಳೆ ನೋಡಬೇಕಾದರೆ ಎದುರಿಗಿಟ್ಟು ನೋಡಲು ಇನ್ನೊಂದು ಬೇಕು. ಈ ನೀರು ಯಾವ ನಾಲೆಯದು? ಈ ಹುಳು ನಮ್ಮ ಸೆಕೆಯಲ್ಲಿ ಎಷ್ಟು ದಿನಕ್ಕೆ ಇಷ್ಟು ಬೆಳೆಯುತ್ತದೆ? ಈ ಬಗೆಯ ಉಚ್ಚಾರಣೆ ಮಂಡ್ಯ ಸೀಮೆಯಲ್ಲಿ ಎಷ್ಟು ಜನರಿಗಿದೆ? ಇವಕ್ಕೆ ಉತ್ತರ ಕೊಡುವ ಆಧಾರ ದತ್ತಾಂಶ ಇದೇ ನೆಲದಲ್ಲಿ, ಇದೇ ನೀರಿನಲ್ಲಿ, ವರ್ಷಗಟ್ಟಲೆ ಕೂತು ಕಟ್ಟಬೇಕಾದದ್ದು. ದಿನಬೆಳಗಾದರೆ ಪ್ರಕರಣದ ವರದಿ ಬರೆಯಬೇಕಾದ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಅಷ್ಟು ಬಿಡುವು ಸಿಗುವುದಿಲ್ಲ. ಅದು ವಿಶ್ವವಿದ್ಯಾನಿಲಯದ ಕೆಲಸ, ಅಪರಾಧಶಾಸ್ತ್ರ ವಿಭಾಗದ ನಿಜವಾದ ಸಾಧನೆಯೂ ಅದೇ ಎಂದು ನಾವು ನಂಬಿದ್ದೇವೆ.

ನೀರಿನಿಂದಲೇ ಶುರುಮಾಡುತ್ತೇವೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಅಲ್ಲಿ ಸಾವು ಹೇಗಾಯಿತೆಂಬ ಬಗ್ಗೆ ಅನುಮಾನವಿರಲಿಲ್ಲ. ಅನುಮಾನ ಹುಟ್ಟುವುದು ತೂಬಿನ ಬಳಿ ಒಂಟಿ ದೇಹ ಸಿಕ್ಕಿ ಠಾಣೆಯಲ್ಲಿ ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಾದಾಗ. ನೀರಿಗೆ ಬಿದ್ದಾಗ ಜೀವವಿತ್ತೇ, ಬೇರೆಲ್ಲೋ ಕೊಂದು ತಂದು ಎಸೆದರೇ? ದೇಹ ಕೊಳೆತಿದ್ದರೆ ಮೂಗು–ಬಾಯಿಯ ನೊರೆ, ಉಬ್ಬಿದ ಶ್ವಾಸಕೋಶದಂಥ ಗುರುತುಗಳು ಅಳಿಸಿಹೋಗಿರುತ್ತವೆ. ಆಗ ಉಳಿಯುವ ಕೆಲವೇ ದಾರಿಗಳಲ್ಲಿ ಡಯಾಟಮ್ ಪರೀಕ್ಷೆ ಒಂದು.

ಡಯಾಟಮ್ ಎಂದರೆ ಸಿಲಿಕಾದ ಚಿಪ್ಪಿರುವ ಏಕಕೋಶದ ಪಾಚಿ. ಜೀವವಿರುವವರು ಮುಳುಗಿದಾಗ ನೀರು ಶ್ವಾಸಕೋಶಕ್ಕೆ ನುಗ್ಗುತ್ತದೆ, ಗಾಳಿಗೂಡುಗಳ ತೆಳುಗೋಡೆ ಹರಿದು ಚಿಪ್ಪುಗಳು ರಕ್ತಕ್ಕೆ ಸೇರುತ್ತವೆ, ಇನ್ನೂ ಬಡಿಯುತ್ತಿರುವ ಹೃದಯ ಅವನ್ನು ಯಕೃತ್ತು, ಮೂತ್ರಪಿಂಡ, ಮೂಳೆಯ ಮಜ್ಜೆಯವರೆಗೆ ತಲುಪಿಸುತ್ತದೆ. ಸತ್ತ ಮೇಲೆ ಎಸೆದ ದೇಹದಲ್ಲಿ ನೀರು ತಾನಾಗಿ ಶ್ವಾಸಕೋಶಕ್ಕೆ ಇಳಿಯಬಹುದು, ಆದರೆ ಮಜ್ಜೆಗೆ ಒಯ್ಯಲು ರಕ್ತದ ಹರಿವೇ ಇರುವುದಿಲ್ಲ. ಹಾಗಾಗಿ ಶ್ವಾಸಕೋಶವೊಂದನ್ನೇ ನೋಡಿ ತೀರ್ಮಾನಿಸುವಂತಿಲ್ಲ. ತೊಡೆಮೂಳೆಯನ್ನು ಒಡೆಯದೆ ಇಡಿಯಾಗಿ ಕಳಿಸಬೇಕು. ಪ್ರಯೋಗಾಲಯದಲ್ಲಿ ಅದರ ಹೊರಮೈಯನ್ನು ಭಟ್ಟಿ ಇಳಿಸಿದ ನೀರಿನಲ್ಲಿ ತೊಳೆದು, ಶುದ್ಧ ಉಪಕರಣದಿಂದ ಸೀಳಿ, ಮಜ್ಜೆಯನ್ನು ತೆಗೆದು ಸಾಂದ್ರ ನೈಟ್ರಿಕ್ ಆಮ್ಲದಲ್ಲಿ ಹೊಗೆ ಹೀರುವ ಗೂಡಿನೊಳಗೆ ಕಾಯಿಸುತ್ತಾರೆ. ಮಾಂಸ, ಕೊಬ್ಬು ಎಲ್ಲ ಕರಗುತ್ತದೆ, ಸಿಲಿಕಾ ಚಿಪ್ಪು ಕರಗುವುದಿಲ್ಲ. ತಣಿದ ಮೇಲೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲಿನ ದ್ರವ ಚೆಲ್ಲಿ, ಭಟ್ಟಿ ನೀರಿನಲ್ಲಿ ಎರಡು ಮೂರು ಸಲ ತೊಳೆದು, ತಳದ ಗಸಿಯನ್ನು ಸ್ಲೈಡಿನ ಮೇಲೆ ಒಣಗಿಸಿ 400ರಿಂದ 1000 ಪಟ್ಟು ಹಿಗ್ಗಿಸಿ ನೋಡಬೇಕು.

ಕೆಲಸ ಕೆಡುವುದು ಇಲ್ಲಿಗಿಂತ ಹೆಚ್ಚಾಗಿ ನಾಲೆಯ ಏರಿಯ ಮೇಲೆ. ಸ್ಥಳದ ನೀರಿನ ಮಾದರಿ ತೆಗೆಯುವುದೇ ಮರೆತುಹೋಗುತ್ತದೆ. ಇಲ್ಲವೇ ಕುಡಿಯುವ ನೀರಿನ ಹಳೆ ಬಾಟಲಿಯಲ್ಲಿ, ದಡದ ನಿಂತ ನೀರಿನಿಂದ, ವಾರ ಬಿಟ್ಟು ತುಂಬಿಕೊಂಡು ಬರುತ್ತಾರೆ. ಶವಾಗಾರದಲ್ಲಿ ಅಂಗಗಳನ್ನು ನಲ್ಲಿ ನೀರಿನಲ್ಲಿ ತೊಳೆದರೆ ನಲ್ಲಿಯ ಡಯಾಟಮ್‌ಗಳೇ ಸೇರಿಕೊಳ್ಳುತ್ತವೆ. ಆಮ್ಲದಲ್ಲೇ, ಗಾಜಿನಲ್ಲೇ ಚಿಪ್ಪು ಇಲ್ಲವೆಂದು ಖಾತ್ರಿಯಾಗಬೇಕಾದರೆ ಮಜ್ಜೆ ಹಾಕದ ಖಾಲಿ ಮಾದರಿಯೊಂದನ್ನು ಪಕ್ಕದಲ್ಲೇ, ಅದೇ ಕ್ರಮದಲ್ಲಿ ನಡೆಸಬೇಕು. ಅದಿಲ್ಲದ ವರದಿಯನ್ನು ಪಾಟಿಸವಾಲಿನಲ್ಲಿ ಎರಡೇ ಪ್ರಶ್ನೆಗೆ ಬೀಳಿಸಬಹುದು. ಇನ್ನೊಂದು ಎಚ್ಚರವನ್ನು ವಿದ್ಯಾರ್ಥಿಗಳಿಗೆ ಎಷ್ಟು ಸಲ ಹೇಳಿದರೂ ಕಡಿಮೆ. ಮಜ್ಜೆಯಲ್ಲಿ ಚಿಪ್ಪು ಸಿಗಲಿಲ್ಲವೆಂದರೆ ಮುಳುಗಿ ಸತ್ತಿಲ್ಲ ಎಂದರ್ಥವಲ್ಲ. ನೀರಿನಲ್ಲೇ ಡಯಾಟಮ್ ವಿರಳವಾಗಿದ್ದಿರಬಹುದು, ಹೃದಯ ಬೇಗ ನಿಂತಿರಬಹುದು.

ನಮ್ಮ ಸೀಮೆಗೇ ಸೇರಿದ ತೊಡಕೊಂದಿದೆ. ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುತ್ತಾರೆ, ಕೆಲವು ದಿನ ಹರಿಯುತ್ತದೆ, ಮತ್ತೆ ಕೆಲವು ದಿನ ನಿಲ್ಲುತ್ತದೆ. ದೇಹ ಸಿಗುವ ಹೊತ್ತಿಗೆ ನೀರು ನಿಂತಿದ್ದರೆ ಸಾವಿನ ದಿನದ ನೀರನ್ನು ಎಲ್ಲಿಂದ ತರುವುದು? ಹರಿವಿನಲ್ಲಿ ದೇಹ ಮೈಲಿಗಟ್ಟಲೆ ಸಾಗಿದ್ದರೆ ಯಾವ ಜಾಗದ ನೀರಿನ ಜತೆ ಹೋಲಿಸುವುದು? ಇದಕ್ಕೆ ಪರಿಹಾರ ಮೊದಲೇ ಮಾಡಿಟ್ಟ ಡಯಾಟಮ್ ಪಂಚಾಂಗ. ಕೆಆರ್‌ಎಸ್ ಹಿನ್ನೀರು, ನಾಲೆಯ ಆರಂಭ, ಹುಲಿಕೆರೆ ಸುರಂಗದ ಹೊರಬಾಯಿ, ಪಾಂಡವಪುರ, ಮಂಡ್ಯ, ಮದ್ದೂರು ಕಡೆಯ ಕವಲು, ಶ್ರೀರಂಗಪಟ್ಟಣದಲ್ಲಿ ಕಾವೇರಿ, ತಿ. ನರಸೀಪುರದಲ್ಲಿ ಕಪಿಲೆ ಕೂಡುವ ಜಾಗ, ವರುಣಾ ನಾಲೆ, ಕುಕ್ಕರಹಳ್ಳಿ, ಲಿಂಗಾಂಬುಧಿ ಮತ್ತು ಕಾರಂಜಿ ಕೆರೆ ಸೇರಿದರೆ 12 ಜಾಗವಾಯಿತು. ತಿಂಗಳಿಗೊಮ್ಮೆ ಒಂದೊಂದು ಲೀಟರ್ ತೆಗೆದರೆ ವರ್ಷಕ್ಕೆ 144 ಮಾದರಿ. ಒಂದು ಮುಂಗಾರಿನಂತೆ ಇನ್ನೊಂದಿರುವುದಿಲ್ಲವಾದ್ದರಿಂದ ಎರಡು ವರ್ಷ ನಡೆಸಬೇಕು, ಆಗ 288. ಮಾದರಿ ಕೆಡದಂತೆ ಪ್ರತಿ ಸೀಸೆಗೂ ತೆಳು ಚಹಾದ ಬಣ್ಣ ಬರುವಷ್ಟು ಲೂಗಾಲ್ ಅಯೋಡಿನ್ ದ್ರಾವಣ ಹಾಕಿ, ಕಂದು ಗಾಜಿನಲ್ಲಿ ಬೆಳಕು ತಾಗದಂತೆ ಇಟ್ಟು, ತಾರೀಖು, ಗಂಟೆ, ಜಿಪಿಎಸ್, ನೀರಿನ ಉಷ್ಣತೆ, ಪಿಎಚ್ ಬರೆಯಬೇಕು. ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಪಕ್ಕದಲ್ಲೇ ಇರುವ ಕುಕ್ಕರಹಳ್ಳಿಯ ನಿಂತ ನೀರಿಗೂ ನಾಲೆಯ ಹರಿವ ನೀರಿಗೂ ಡಯಾಟಮ್ ಸಮುದಾಯ ಒಂದೇ ಇರುವುದಿಲ್ಲ. ಕೊಳಚೆ ಸೇರಿದ ಕಡೆ ನಿಟ್ಸ್‌ಶಿಯಾ ಪೇಲಿಯಾದಂಥ ಸಹಿಷ್ಣು ಪ್ರಭೇದಗಳು ಮೇಲುಗೈ ಸಾಧಿಸುತ್ತವೆ. ಸಸ್ಯಶಾಸ್ತ್ರ, ಪರಿಸರ ವಿಜ್ಞಾನ ವಿಭಾಗದವರು ಜತೆಗೂಡಿದರೆ ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. ಒಳ್ಳೆಯ ಮೈಕ್ರೋಸ್ಕೋಪು, ಸೆಂಟ್ರಿಫ್ಯೂಜು, ತಿಂಗಳಿಗೆ ಎರಡು ದಿನದ ವಾಹನ ಸಾಕು.

ಕಬ್ಬಿನ ಗದ್ದೆಯ ಮಾತು. ಆಳೆತ್ತರ ಬೆಳೆದ ಕಬ್ಬಿನೊಳಗೆ ದೇಹ ಸಿಕ್ಕರೆ ಮೊದಲು ಕೇಳುವುದು ಸತ್ತು ಎಷ್ಟು ದಿನವಾಯಿತೆಂದು. ಎರಡು ಮೂರು ದಿನ ಮೀರಿದ ಮೇಲೆ ದೇಹದ ಬಿಸಿ, ಸೆಟೆತ ನೋಡಿ ಹೇಳಲಾಗದು. ಆಗ ನೊಣದ ಹುಳುಗಳು ನೆರವಿಗೆ ಬರುತ್ತವೆ. ಕ್ರೈಸೊಮಿಯಾ ಮೆಗಸೆಫಲಾ, ಕ್ರೈಸೊಮಿಯಾ ರೂಫಿಫೇಸಿಸ್ ಎಂಬ ನೊಣಗಳು ನಮ್ಮ ದೇಶದಲ್ಲಿ ಸಾಮಾನ್ಯ. ಹುಳು ಬೆಳೆಯುವ ವೇಗ ಉಷ್ಣತೆಗೆ ಕಟ್ಟುಬಿದ್ದದ್ದು. ಬೆಳವಣಿಗೆಯ ಕನಿಷ್ಠ ಉಷ್ಣತೆ 10 ಡಿಗ್ರಿ ಎಂದಿಟ್ಟುಕೊಂಡು ಸ್ಥಳದಲ್ಲಿ 25 ಡಿಗ್ರಿ ಇದ್ದರೆ ಗಂಟೆಗೆ 15ರಂತೆ ದಿನಕ್ಕೆ 360 ಡಿಗ್ರಿ–ಗಂಟೆ ಜಮೆಯಾಗುತ್ತದೆ. ಹುಳು ಈ ಹಂತಕ್ಕೆ ಬರಲು ಒಟ್ಟು ಎಷ್ಟು ಬೇಕೋ ಅದನ್ನು ಹಿಂದಕ್ಕೆ ಲೆಕ್ಕಹಾಕಿದರೆ ಮೊಟ್ಟೆ ಇಟ್ಟ ಹೊತ್ತು ಸಿಗುತ್ತದೆ. ತಪ್ಪುವುದು ಎಲ್ಲಿ? ಬೇರೆ ಹವೆಯ ಕೋಷ್ಟಕ ತಂದು ಇಲ್ಲಿ ಹಚ್ಚುವುದರಲ್ಲಿ, ಮತ್ತು ನಗರದ ಹವಾಮಾನ ಕೇಂದ್ರದ ಅಂಕಿಯನ್ನು ಗದ್ದೆಯೊಳಗಿನ ಉಷ್ಣತೆ ಎಂದುಕೊಳ್ಳುವುದರಲ್ಲಿ. ನೀರು ಹಾಯಿಸಿದ ಕಬ್ಬಿನ ಬುಡದಲ್ಲಿ ನೆರಳು, ತೇವ ಎರಡೂ ಹೆಚ್ಚು. ದೇಹ ತೆಗೆದ ಮೇಲೂ ಅದೇ ಜಾಗದಲ್ಲಿ ಉಷ್ಣತೆ ದಾಖಲಿಸುವ ಲಾಗರನ್ನು 5 ದಿನ ಬಿಟ್ಟು, ಕೇಂದ್ರದ ಅಂಕಿಯೊಂದಿಗೆ ಹೋಲಿಸಿ ತಿದ್ದಬೇಕು. ಹುಳುಗಳಲ್ಲಿ ಅರ್ಧವನ್ನು ಸುಮಾರು 80 ಡಿಗ್ರಿಯ ಬಿಸಿನೀರಲ್ಲಿ ಅರ್ಧ ನಿಮಿಷ ಅದ್ದಿ ಆಮೇಲೆ ಶೇ 80ರ ಆಲ್ಕೋಹಾಲಿಗೆ ಹಾಕಬೇಕು, ಇನ್ನರ್ಧವನ್ನು ಜೀವಂತ ಸಾಕಿ ನೊಣವಾದ ಮೇಲೆ ಪ್ರಭೇದ ಗುರುತಿಸಬೇಕು. ಬಿಸಿನೀರು ತಪ್ಪಿಸಿ ನೇರ ಆಲ್ಕೋಹಾಲಿಗೆ ಹಾಕಿದರೆ ಹುಳು ಕುಗ್ಗುತ್ತದೆ, ಉದ್ದ ಕಡಿಮೆ ಬಂದು ವಯಸ್ಸು ಕಡಿಮೆ ಎನಿಸುತ್ತದೆ. ಮಂಡ್ಯದ ಕಬ್ಬಿನ ಗದ್ದೆ, ಚಾಮುಂಡಿ ಬೆಟ್ಟದ ಕುರುಚಲು, ಊರೊಳಗಿನ ಬೀಗ ಹಾಕಿದ ಮನೆ, ಈ ಮೂರು ಕಡೆಯ ಬೆಳವಣಿಗೆಯ ಕೋಷ್ಟಕವೇ ಒಂದು ಒಳ್ಳೆಯ ಪಿಎಚ್.ಡಿ.

ಇನ್ನು ದನಿ. ಮೈಸೂರಿಗೆ ಈ ವಿಷಯದಲ್ಲಿರುವ ಅನುಕೂಲ ಬೇರೆ ಊರಿಗೆ ಸುಲಭವಾಗಿ ಸಿಗದು. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಲ್ಲಿದೆ, ಅಲ್ಲಿ ವಿಧಿವಿಜ್ಞಾನದ ದನಿ ಪರೀಕ್ಷೆಯ ಕೋರ್ಸೂ ಇದೆ. 1969ರಲ್ಲಿ ಶುರುವಾದ ಭಾರತೀಯ ಭಾಷಾ ಸಂಸ್ಥಾನವೂ ಇಲ್ಲೇ ಇದೆ. ಬೆದರಿಕೆಯ ಕರೆ, ಲಂಚ ಕೇಳಿದ ಆಡಿಯೊ, ವಾಟ್ಸ್ಆ್ಯಪ್ ದನಿ ಸಂದೇಶ ಈಗ ಎಲ್ಲ ಬಗೆಯ ಪ್ರಕರಣಗಳಲ್ಲೂ ಬರುತ್ತವೆ. ಆರೋಪಿಯ ದನಿ ಮಾದರಿ ಕೊಡಿಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆಯೆಂದು ಸುಪ್ರೀಂ ಕೋರ್ಟ್ 2019ರಲ್ಲಿ ರಿತೇಶ್ ಸಿನ್ಹಾ ಪ್ರಕರಣದಲ್ಲಿ ಹೇಳಿತು, ಈಗ ನಾಗರಿಕ ಸುರಕ್ಷಾ ಸಂಹಿತೆಯ 349ನೇ ಕಲಂನಲ್ಲಿ ಅದು ಬರಹಕ್ಕೇ ಬಂದಿದೆ.

ಎರಡು ದನಿ ಹೋಲುತ್ತವೆ ಎಂದಷ್ಟೇ ಹೇಳಿದರೆ ಅರ್ಧ ಉತ್ತರ. ಆ ಹೋಲಿಕೆ ಎಷ್ಟು ಅಪರೂಪದ್ದು ಎನ್ನುವುದು ಇನ್ನರ್ಧ. ಕರೆ ಮಾಡಿದವನು ‘ಹಾಲು’ ಎನ್ನುವ ಕಡೆ ‘ಆಲು’ ಎಂದ, ಆರೋಪಿಯೂ ಹಾಗೇ ಎನ್ನುತ್ತಾನೆ. ಅಷ್ಟರಿಂದ ಏನು ಸಾಬೀತಾಯಿತು? ಮಂಡ್ಯ ಸೀಮೆಯಲ್ಲಿ ಹಕಾರ ಬಿಟ್ಟು ಮಾತಾಡುವವರನ್ನು ಲೆಕ್ಕ ಹಾಕಲಾಗದು. ‘ಬತ್ತೀನಿ’, ‘ಏನ್ಲಾ’ ಎಂಬುದೂ ಹಾಗೇ. ಬೇರೆ ಸೀಮೆಯ ತಜ್ಞರು ಇದನ್ನೇ ದೊಡ್ಡ ಹೊಂದಿಕೆಯೆಂದು ಬರೆದುಬಿಟ್ಟರೆ ನಿರಪರಾಧಿಯೊಬ್ಬನ ಬದುಕು ಹೋಗುತ್ತದೆ. ಹಾಗಾಗಬಾರದೆಂದರೆ ಹಳೇ ಮೈಸೂರು ಸೀಮೆಯ ಗಂಡಸರು, ಹೆಂಗಸರು, ಬೇರೆ ಬೇರೆ ವಯಸ್ಸಿನವರ ದನಿ ಒಪ್ಪಿಗೆ ಪಡೆದು ದಾಖಲಾಗಬೇಕು. ಹ್ರಸ್ವ–ದೀರ್ಘ ಸ್ವರಗಳ ಫಾರ್ಮಂಟುಗಳು (ಬಾಯಿ–ಗಂಟಲಿನ ಅನುರಣನದಿಂದ ದನಿ ಬಲವಾಗಿ ಕೇಳುವ ಆವರ್ತನಗಳು) ಯಾವ ಮಿತಿಯೊಳಗೆ ಹರಡಿವೆ ಎಂದು ಅಳೆಯಬೇಕು. ದಾಖಲೆ ಎರಡು ಬಗೆಯದಿರಬೇಕು, ಮೈಕಿನಿಂದ ನೇರವಾಗಿ ಒಂದು, ಫೋನ್ ಕರೆಯ ಮೂಲಕ ಇನ್ನೊಂದು. ಎಚ್‌ಡಿ ಅಲ್ಲದ ಸಾಮಾನ್ಯ ಫೋನ್ ಕರೆ ಸುಮಾರು 300ರಿಂದ 3400 ಹರ್ಟ್ಜ್ ನಡುವಿನ ದನಿಯನ್ನಷ್ಟೇ ದಾಟಿಸುತ್ತದೆ, ಮೊದಲ ಫಾರ್ಮಂಟನ್ನು ಮೇಲಕ್ಕೆ ಸರಿಸುತ್ತದೆ. ಸ್ಟುಡಿಯೊದ ಮಾದರಿಯನ್ನು ಫೋನಿನ ದನಿಯ ಜತೆ ಹಾಗೇ ಹೋಲಿಸಿದರೆ ಒಬ್ಬನೇ ಇಬ್ಬರಾಗಿ ಕಾಣಬಹುದು.

ತನಿಖಾಧಿಕಾರಿಗಳಿಗೆ ಇಲ್ಲೊಂದು ವಿನಂತಿ. ದೂರುದಾರರ ಫೋನಿನ ಸ್ಪೀಕರ್ ಹಾಕಿ ಇನ್ನೊಂದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಕಳಿಸಬೇಡಿ. ಫಾರ್ವರ್ಡ್ ಆದ ಕಡತವೂ ಬೇಡ. ಮೂಲ ಕಡತವಿರುವ ಫೋನನ್ನೇ ಜಪ್ತಿ ಮಾಡಿ, ಏರೋಪ್ಲೇನ್ ಮೋಡ್‌ಗೆ ಹಾಕಿ, ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಮಹಜರಿನಲ್ಲಿ ಬರೆದು, ಒಳಗೆ ಹುಡುಕಾಡದೆ ಮೊಹರು ಮಾಡಿ. ಹುಡುಕಾಡಿದ ಪ್ರತಿ ಸ್ಪರ್ಶವೂ ಕಡತಗಳ ಸಮಯದ ಗುರುತನ್ನು ಬದಲಿಸಬಹುದು. ಸಿಸಿಟಿವಿಯ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆ ಆದರೆ ಅದರ ಗಡಿಯಾರ ನಿಜವಾದ ಸಮಯಕ್ಕಿಂತ ಎಷ್ಟು ನಿಮಿಷ ಮುಂದಿದೆ ಅಥವಾ ಹಿಂದಿದೆ ಎಂದು ಅಲ್ಲೇ ಬರೆದುಕೊಳ್ಳಿ. ಈ ಒಂದು ಸಾಲು ಇಲ್ಲದೆ ಆರೋಪಿ ಬೇರೆಡೆ ಇದ್ದನೆಂಬ ವಾದಕ್ಕೆ ಉತ್ತರ ಕೊಡುವುದು ಬಹಳ ಕಷ್ಟ.

ಕೈಬರಹದ ಪಠ್ಯಗಳಲ್ಲಿ ಉದಾಹರಣೆಗಳು ಬಹುಪಾಲು ರೋಮನ್ ಲಿಪಿಯವು. ಕನ್ನಡದಲ್ಲಿ ನೋಡಬೇಕಾದದ್ದೇ ಬೇರೆ. ತಲೆಕಟ್ಟು ಮೊದಲು ಹಾಕುತ್ತಾರೋ ಕೊನೆಗೋ, ಒತ್ತಕ್ಷರ ಎಷ್ಟು ಕೆಳಗಿಳಿಯುತ್ತದೆ, ಕೊಂಬಿನ ಬಾಲ ಎತ್ತ ತಿರುಗುತ್ತದೆ, ಅರ್ಕಾವೊತ್ತನ್ನು ಅಕ್ಷರಕ್ಕೆ ತಾಗಿಸುತ್ತಾರೋ ಬಿಡಿಸಿ ಬರೆಯುತ್ತಾರೋ, ಸೊನ್ನೆ ಪೂರ್ತಿ ಮುಚ್ಚುತ್ತದೋ ಇಲ್ಲವೋ. ಶಾಲೆಯಲ್ಲಿ ಕಾಪಿ ಪುಸ್ತಕ ತಿದ್ದಿದ ಪೀಳಿಗೆಗೂ ಫೋನಿನಲ್ಲಿ ಟೈಪಿಸುವ ಪೀಳಿಗೆಗೂ ಇವು ಹೇಗೆ ಬದಲಾಗಿವೆ ಎಂಬುದು ಕೂತು ಎಣಿಸಬೇಕಾದ ವಿಷಯ. ಮಾದರಿ ಬರೆಸುವಾಗ ಪದೇ ಪದೇ ಕಾಣುವ ತಪ್ಪು, ಅನುಮಾನದ ಪತ್ರವನ್ನೇ ಮುಂದಿಟ್ಟು ನಕಲು ಮಾಡಿಸುವುದು. ಹಾಗೆ ಮಾಡಿದರೆ ಬರೆಯುವವರು ಆ ಅಕ್ಷರವನ್ನೇ ಅನುಕರಿಸಬಹುದು, ಬೇಕೆಂದೇ ತಪ್ಪಿಸಲೂಬಹುದು. ಪತ್ರ ತೋರಿಸದೆ ಓದಿ ಹೇಳಿ ಬರೆಸಬೇಕು. ಅದೇ ಬಗೆಯ ಪೆನ್ನು, ಅದೇ ಬಗೆಯ ಕಾಗದ ಇರಬೇಕು, ಒಂದು ಹಾಳೆ ಮುಗಿದೊಡನೆ ಅದನ್ನು ಕಣ್ಮರೆ ಮಾಡಿ ಇನ್ನೊಂದು ಕೊಡಬೇಕು. ಜತೆಗೆ ಬ್ಯಾಂಕಿನ ಚಲನ್, ಹಾಜರಿ ಪುಸ್ತಕ, ಸೊಸೈಟಿ ಲೆಡ್ಜರಿನಂತೆ ಜಗಳ ಹುಟ್ಟುವ ಮೊದಲು ಸಹಜವಾಗಿ ಬರೆದ ಬರಹ ಸಿಕ್ಕರೆ ಅದರ ತೂಕವೇ ಬೇರೆ.

ಪ್ರಯೋಗಾಲಯದ ಹೊರಗಿನ ಅಪರಾಧಶಾಸ್ತ್ರಕ್ಕೂ ಇದೇ ಮಾತು. ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಅಂತರ್ಜಾಲದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ ಮೇಲೆ ಸಂಶೋಧಕರಿಗೆ ದೊಡ್ಡ ಕಣಜ ತೆರೆದಿದೆ. ಆದರೂ ಕೆಲವು ಪ್ರಬಂಧಗಳು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ (ಎನ್‌ಸಿಆರ್‌ಬಿ) ವಾರ್ಷಿಕ ಕೋಷ್ಟಕವನ್ನು ಶೇಕಡಾವಾರು ಮಾಡಿ ಮುಗಿಸುತ್ತವೆ. ಆ ಕೋಷ್ಟಕದಲ್ಲಿ ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧವಿದ್ದರೆ ಅತಿ ಘೋರವಾದ ಒಂದನ್ನೇ ಎಣಿಸುತ್ತಾರೆ. ಕೊಲೆಯ ಜತೆ ನಡೆದ ಕಳ್ಳತನ ಕಳ್ಳತನದ ಲೆಕ್ಕಕ್ಕೆ ಬರುವುದಿಲ್ಲ. ಜನಸಂಖ್ಯೆಯೂ 2011ರ ಜನಗಣತಿಯಿಂದ ಅಂದಾಜಿಸಿದ್ದು. ದಸರೆಯ ಹತ್ತು ದಿನ ಮೈಸೂರಿನ ರಸ್ತೆಯಲ್ಲಿ ಇರುವವರು ಬೇರೆ, ಲಕ್ಷಕ್ಕಿಷ್ಟು ಎಂಬ ಭಾಗಾಕಾರದಲ್ಲಿ ಇರುವವರು ಬೇರೆ.

ಎಫ್‌ಐಆರ್‌ನಿಂದ ನಕ್ಷೆ ಮಾಡಲು ಹೊರಟರೆ ಮೊದಲ ಗೋಡೆ ಜಾಗದ ಕಾಲಂ. ‘ಠಾಣೆಯಿಂದ ದಿಕ್ಕು ಮತ್ತು ದೂರ’ ಎಂದಿರುತ್ತದೆ, ಅಲ್ಲಿ ‘ಪೂರ್ವಕ್ಕೆ 2 ಕಿ.ಮೀ.’ ಎಂದು ಬರೆದಿರುತ್ತದೆ. ನಕ್ಷೆಯಲ್ಲಿ ಅದೊಂದು ಬಿಂದುವಾಗುವುದಿಲ್ಲ, ನಾಲ್ಕು ಬಡಾವಣೆ ದಾಟುವ ಕಮಾನಾಗುತ್ತದೆ. ಅಡ್ಡರಸ್ತೆ, ಗುರುತಿನ ಕಟ್ಟಡದ ಹೆಸರು ದೂರಿನ ಬರಹದೊಳಗೆ ಎಲ್ಲೋ ಅಡಗಿರುತ್ತದೆ, ಕನ್ನಡ ಓದಿ ಅದನ್ನು ಹೆಕ್ಕಬೇಕು. ಎರಡನೆಯ ತೊಡಕು ಹೊತ್ತು. ಶುಕ್ರವಾರ ಸಂಜೆ 6ಕ್ಕೆ ಬೀಗ ಹಾಕಿ ಊರಹಬ್ಬಕ್ಕೆ ಹೋದವರು ಸೋಮವಾರ ಬೆಳಿಗ್ಗೆ 6ಕ್ಕೆ ಬಂದು ನೋಡಿದರೆ ಕಳ್ಳತನ ಆ 60 ಗಂಟೆಯಲ್ಲಿ ಯಾವಾಗಲಾದರೂ ಆಗಿರಬಹುದು. ಪತ್ತೆಯಾದ ಹೊತ್ತನ್ನೇ ನಡೆದ ಹೊತ್ತೆಂದು ಹಾಕಿದರೆ ಸೋಮವಾರ ಬೆಳಿಗ್ಗೆ ಕಳ್ಳರ ಸಂತೆ ನೆರೆದಂತೆ ಕಾಣುತ್ತದೆ. ಪ್ರತಿ ಗಂಟೆಗೂ 1/60ರಂತೆ ಹಂಚಿ, ನೂರಾರು ಪ್ರಕರಣಗಳನ್ನು ಕೂಡಿಸಿದಾಗಲೇ ನಿಜವಾದ ಹೊತ್ತಿನ ಆಕಾರ ಹೊಮ್ಮುತ್ತದೆ.

ಇಷ್ಟು ಪಾಡು ಪಟ್ಟರೆ ಸಿಗುವ ಫಲ ಸಣ್ಣದಲ್ಲ. ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸರಿಗೆ ಬಂದ ಕರೆಗಳಲ್ಲಿ ಅರ್ಧದಷ್ಟು ಸುಮಾರು ಶೇ 3ರಷ್ಟು ಜಾಗಗಳಿಂದಲೇ ಬರುತ್ತಿದ್ದವೆಂದು ಲಾರೆನ್ಸ್ ಶರ್ಮನ್ ಮತ್ತು ಸಂಗಡಿಗರು 1989ರಲ್ಲಿ ತೋರಿಸಿದರು. ಹಲವು ದೇಶಗಳ ನಗರಗಳನ್ನು ಒಟ್ಟಿಗೆ ನೋಡಿದ 2007ರ ಅಧ್ಯಯನ, ಕನ್ನ ಬಿದ್ದ ಮನೆಯ ಸುತ್ತ 200 ಮೀಟರಿನೊಳಗೆ ಕನಿಷ್ಠ ಎರಡು ವಾರ ಅಪಾಯ ಹೆಚ್ಚಿರುತ್ತದೆ ಎಂದಿತು. ಮೈಸೂರಿನ ಕುವೆಂಪುನಗರದಲ್ಲೂ, ಮಂಡ್ಯದ ಬಡಾವಣೆಗಳಲ್ಲೂ ಹೀಗೇ ಆಗುತ್ತದೆಯೇ? ಆಗುತ್ತದೆಂದಾದರೆ ಬೀಟ್ ಪೊಲೀಸರು ಕನ್ನ ಬಿದ್ದ ಮರುದಿನವೇ ಅಕ್ಕಪಕ್ಕದ ನಾಲ್ಕು ರಸ್ತೆಗೆ ಹೋಗಿ ಎಚ್ಚರಿಸಬಹುದು. ಆಗುವುದಿಲ್ಲವೆಂದಾದರೆ ಅದೂ ಪ್ರಕಟವಾಗಬೇಕು. ಹೆಸರು, ವಿಳಾಸ ಅಳಿಸಿದ ಮೇಲಷ್ಟೇ ವಿದ್ಯಾರ್ಥಿಗಳ ಕೈಗೆ ದತ್ತಾಂಶ ಕೊಡಬೇಕು ಎನ್ನುವುದು ಇಲ್ಲಿ ಕಡ್ಡಾಯ.

ದೂರುದಾರರೇ ಇಲ್ಲದ ಅಪರಾಧ ಈ ನಕ್ಷೆಯಲ್ಲಿ ಎಂದೂ ಕಾಣುವುದಿಲ್ಲ. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿತ್ತೆಂಬುದು 2023ರಲ್ಲಿ ಬೆಂಗಳೂರು ಪೊಲೀಸರ ತನಿಖೆಯಿಂದ ಹೊರಬಿದ್ದಾಗ ನಾವೆಲ್ಲ ತಲೆತಗ್ಗಿಸಿದೆವು. ಅಂಥ ಕಡೆ ಎಫ್‌ಐಆರ್ ಹುಡುಕಿ ಫಲವಿಲ್ಲ, ಜನನ ನೋಂದಣಿಯನ್ನು ಹುಡುಕಬೇಕು. ಸಹಜವಾಗಿ 1000 ಗಂಡುಮಕ್ಕಳಿಗೆ ಸುಮಾರು 950 ಹೆಣ್ಣುಮಕ್ಕಳು ಹುಟ್ಟುತ್ತಾರೆ. ಒಟ್ಟು ಸರಾಸರಿ ನೋಡಿದರೆ ಕಳ್ಳತನ ಅಡಗಿರುತ್ತದೆ. ಮೊದಲನೆಯದು ಹೆಣ್ಣಾದ ಮನೆಗಳಲ್ಲಿ ಎರಡನೆಯ ಮಗುವಿನ ಲಿಂಗಾನುಪಾತವನ್ನು ಬೇರೆಯಾಗಿ, ಹೋಬಳಿವಾರು, ಹಲವು ವರ್ಷ ಕೂಡಿಸಿ ನೋಡಬೇಕು. ಸಣ್ಣ ಹಳ್ಳಿಯಲ್ಲಿ ವರ್ಷಕ್ಕೆ ಹತ್ತು ಹೆರಿಗೆ ಇರುವಲ್ಲಿ ಆರು ಗಂಡಾದರೆ ಅದು ಆಕಸ್ಮಿಕವಷ್ಟೇ. ಅದನ್ನು ಅಪರಾಧವೆಂದು ಬೆರಳು ತೋರಿಸಿದರೆ ಬಸುರಿಯರ ಮೇಲೆ ಕಾವಲು ಬೀಳುತ್ತದೆ. ಆ ಎಚ್ಚರವಿರುವ ಸಂಖ್ಯಾಶಾಸ್ತ್ರವನ್ನು ಕಲಿಸಬೇಕಾದದ್ದು ವಿಭಾಗವೇ.

ಹೊಳೆಯುವ ಯಂತ್ರಗಳ ಬಗ್ಗೆ ಒಂದು ಮಾತು. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ, ಬ್ರೈನ್ ಮ್ಯಾಪಿಂಗ್ ಮಾಡುವುದು ಸಂವಿಧಾನಕ್ಕೆ ವಿರುದ್ಧವೆಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಸೆಲ್ವಿ ಪ್ರಕರಣ ನಮ್ಮ ರಾಜ್ಯದಿಂದಲೇ ಹೋದದ್ದು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ 2009ರ ವರದಿ ಅಲ್ಲಿನ ಪ್ರಯೋಗಾಲಯಗಳಲ್ಲಿ ಹೋಲಿಕೆಯ ಪರೀಕ್ಷೆಗಳು ಎಷ್ಟು ಸಲ ತಪ್ಪುತ್ತವೆ ಎಂದು ಅಳೆದೇ ಇಲ್ಲವೆಂದು ಎಚ್ಚರಿಸಿತ್ತು. ನಮ್ಮಲ್ಲಿ ವಿಭಾಗವೇ ಉತ್ತರ ಗೊತ್ತಿರುವ ಮಾದರಿಗಳನ್ನು ಸಿದ್ಧಮಾಡಿ, ಪರೀಕ್ಷಕರಿಗೆ ಗುರುತು ತಿಳಿಸದೆ ಕೊಟ್ಟು, ಸರಿ–ತಪ್ಪು ಎಣಿಸಿ ಪ್ರಕಟಿಸಲಿ. ತಪ್ಪಿನ ಪ್ರಮಾಣ ಹೊರಗೆ ಬಂದರೆ ಪ್ರಯೋಗಾಲಯಕ್ಕೆ ಅವಮಾನವೇನಿಲ್ಲ, ಅದರ ಮಾತಿಗೆ ತೂಕ ಬರುತ್ತದೆ.

ಮಾನ್ಯ ಸಚಿವರೇ, ಕುಲಪತಿಗಳೇ, ನಮ್ಮ ಕೋರಿಕೆ ಇಷ್ಟು. ವಿಶ್ವವಿದ್ಯಾನಿಲಯ, ಮೈಸೂರಿನ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ, ಮೈಸೂರು ಮತ್ತು ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜುಗಳ ನಡುವೆ ಆಧಾರ ದತ್ತಾಂಶಕ್ಕೆಂದೇ ಒಂದು ಬರಹದ ಒಪ್ಪಂದವಾಗಲಿ. ಅದರಲ್ಲಿ ಮಾದರಿ ಯಾರು ತೆಗೆಯುತ್ತಾರೆ, ಎಲ್ಲಿ ಇಡುತ್ತಾರೆ, ಎಷ್ಟು ವರ್ಷ ಇಡುತ್ತಾರೆ ಎಂಬುದು ಸ್ಪಷ್ಟವಿರಲಿ. ಇಂಥ ದತ್ತಾಂಶ ಕಟ್ಟಿದ ಅಧ್ಯಾಪಕರಿಗೆ ಬಡ್ತಿಯ ಅಂಕದಲ್ಲಿ ಪ್ರಬಂಧಕ್ಕೆ ಸಮನಾದ ಮನ್ನಣೆ ಸಿಗಲಿ, ಇಲ್ಲದಿದ್ದರೆ ಎರಡು ವರ್ಷ ನಾಲೆಯ ಏರಿಯ ಮೇಲೆ ನಡೆಯಲು ಯಾರು ಒಪ್ಪುತ್ತಾರೆ? ಪ್ರತಿ ಸಂಶೋಧನೆಯ ಜತೆ ಎರಡು ಪುಟದ ಕನ್ನಡ ಕೈಪಿಡಿ ಬರಲಿ, ಠಾಣೆಯ ರೈಟರ್ ಓದಿ ಅರ್ಥಮಾಡಿಕೊಳ್ಳುವ ಭಾಷೆಯಲ್ಲಿ. ಕರ್ನಾಟಕ ಪೊಲೀಸ್ ಅಕಾಡೆಮಿ ಇದೇ ಊರಿನಲ್ಲಿದೆ, ಅಲ್ಲಿನ ತರಬೇತಿಗೆ ಆ ಕೈಪಿಡಿ ಪಠ್ಯವಾಗಲಿ.

ಒಂದು ಷರತ್ತನ್ನು ಮಾತ್ರ ಸಡಿಲಿಸಬಾರದು. ಈ ದತ್ತಾಂಶ ಪೊಲೀಸರ ಸ್ವತ್ತಾಗದೆ ಸಾರ್ವಜನಿಕವಾಗಿರಬೇಕು. ಆರೋಪಿಯ ಪರ ವಕೀಲರು ಕೇಳಿದರೂ ಅದೇ ಕೋಷ್ಟಕ, ಅದೇ ತಪ್ಪಿನ ಪ್ರಮಾಣ ಅವರಿಗೂ ಸಿಗಬೇಕು. ಪ್ರಾಸಿಕ್ಯೂಷನ್ನಿಗೆ ಮಾತ್ರ ಕಾಣುವ ಅಂಕಿಯನ್ನು ವಿಜ್ಞಾನವೆಂದು ಕರೆಯಲು ನಾವು ಒಪ್ಪುವುದಿಲ್ಲ.

ನೀರಿನ ಕೆಲಸಕ್ಕೆ ಮುಹೂರ್ತ ಕಾಯುವಂತಿಲ್ಲ. ಮುಂಗಾರು ಬೆಳೆಗೆ ನಾಲೆಗೆ ನೀರು ಬಿಡುವ ಮುನ್ನ, ತಳದಲ್ಲಿ ಅಲ್ಲಲ್ಲಿ ಮಡುಗಟ್ಟಿದ ನೀರು ಮಾತ್ರ ಇರುವಾಗ ಮೊದಲ ಮಾದರಿ ತೆಗೆದಿರಬೇಕು. ಹೊಸ ನೀರು ಬಂದು ಅದನ್ನು ಕೊಚ್ಚಿಕೊಂಡು ಹೋದ ಮೇಲೆ ಆ ಹೋಲಿಕೆಗೆ ಇನ್ನೊಂದು ವರ್ಷ ಕಾಯಬೇಕಾಗುತ್ತದೆ. ಮೊದಲ ತಿಂಗಳಿಗೆ ಬೇಕಾದದ್ದು ಜಾಗಕ್ಕೆ ಎರಡರಂತೆ ಒಂದು ಲೀಟರಿನ 24 ಕಂದು ಗಾಜಿನ ಸೀಸೆ, ಒಂದು ಸೀಸೆ ಲೂಗಾಲ್ ದ್ರಾವಣ, ಥರ್ಮಾಮೀಟರು, ಪಿಎಚ್ ಮೀಟರು, ಒಂದು ಜೀಪು, ಮತ್ತು ನಾಲೆಯ ಏರಿಯ ಮೇಲೆ ಓಡಾಡಲು ಕಾವೇರಿ ನೀರಾವರಿ ನಿಗಮದ ಅನುಮತಿ ಪತ್ರ. ಆ ಅನುಮತಿ ಕೋರುವ ಪತ್ರಕ್ಕೆ ಕುಲಪತಿಗಳು ಈ ವಾರವೇ ಸಹಿ ಹಾಕಿ ನಿಗಮಕ್ಕೆ ಕಳಿಸಬೇಕೆಂದು ವಿನಂತಿಸುತ್ತೇವೆ.

ಇಂತಿ,
ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ಪಾಠ, ಪರೀಕ್ಷೆ, ತನಿಖೆಯಲ್ಲಿ ತೊಡಗಿರುವ ಮೈಸೂರು–ಮಂಡ್ಯದ ಕೆಲವರು